ಎಸಿಎಲ್ ಸರ್ಜರಿ: ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟಾ, ಮಂಡಿಚಿಪ್ಪಿನದಾ?
ಕಬಡ್ಡಿಯಲ್ಲಿ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟುನಾರು) ಹರಿದಿದೆ, ವಯಸ್ಸು 22, ಮತ್ತೆ ಆಡಬೇಕು, ಯಾವ ಗ್ರಾಫ್ಟ್ (ಹರಿದದ್ದರ ಜಾಗಕ್ಕೆ ಹಾಕುವ ಬದಲಿ ನಾರು) ಒಳ್ಳೇದು ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಮಂಡಿಚಿಪ್ಪಿನ ಟೆಂಡನ್. ಟೆಂಡನ್ ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು.

ಚಿಪ್ಪಿನ ಕೆಳಗಿರುವ ಆ ಟೆಂಡನ್‌ನ ನಡುಭಾಗದಿಂದ ಸುಮಾರು 10 ಮಿ.ಮೀ. ಅಗಲದ ಪಟ್ಟಿ ತೆಗೆಯುತ್ತಾರೆ, ಎರಡೂ ತುದಿಗೆ ಪುಟ್ಟ ಮೂಳೆ ತುಂಡಿನ ಸಮೇತ. ಮೂಳೆಗೆ ಮೂಳೆ ಬೇಗ ಕೂಡುತ್ತದೆ, ಹೆಚ್ಚೂಕಡಿಮೆ 6 ವಾರ. ತೊಂದರೆ ಏನಪ್ಪಾ ಅಂದ್ರೆ, ಆಮೇಲೆ ಮಂಡಿಯೂರಿದರೆ ನೋಯಬಹುದು. ದಿನಾ ನಮಾಜು ಮಾಡುವವರು, ಟೈಲ್ಸ್ ಹಾಕುವವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ಹ್ಯಾಮ್‌ಸ್ಟ್ರಿಂಗ್ ಅಂದರೆ ತೊಡೆಯ ಹಿಂಭಾಗದ್ದು. ಒಂದೋ ಎರಡೋ ಟೆಂಡನ್ ತೆಗೆದು, ಸಾಮಾನ್ಯವಾಗಿ ನಾಲ್ಕು ಎಳೆಯಾಗಿ ಮಡಚಿ, ಹಗ್ಗದ ಹಾಗೆ ಹೊಲಿಯುತ್ತಾರೆ. ಮಂಡಿಯ ಮುಂದೆ ನೋವು ಕಡಿಮೆ. ಆದರೆ ಮೂಳೆಗೆ ಅಂಟಲು 8ರಿಂದ 12 ವಾರ ಬೇಕು, ಕಾಲು ಮಡಚುವ ಬಲವೂ ಸ್ವಲ್ಪ ತಗ್ಗುತ್ತದೆ. ಸಣಕಲು ಮೈಯವರಲ್ಲಿ ಗ್ರಾಫ್ಟ್ 8 ಮಿ.ಮೀ.ಗಿಂತ ತೆಳ್ಳಗೆ ಬಂದರೆ ಮತ್ತೆ ಹರಿಯುವ ಅಪಾಯ ಜಾಸ್ತಿ.

ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಟೆಂಡನ್ ಕೂಡ ಒಳ್ಳೆಯದೇ, ದಪ್ಪಗಿರುತ್ತದೆ. ದಾನಿಯ ಟೆಂಡನ್ ಮಾತ್ರ ನಿಮ್ಮ ವಯಸ್ಸಿಗೆ ಬೇಡ. ಆಡುವ ಹುಡುಗರಲ್ಲಿ ಅದು ಬೇಗ ಹರಿಯುತ್ತದೆ.

ಯಾವುದೇ ಹಾಕಿಸಿಕೊಂಡರೂ ಕನಿಷ್ಠ 9 ತಿಂಗಳು ಕಬಡ್ಡಿ ಮ್ಯಾಟ್ ಕಡೆ ಹೋಗಬೇಡಿ. ನೋವು ಅದಕ್ಕಿಂತ ಮುಂಚೆಯೇ ಹೋಗಿರುತ್ತದೆ, ಮೋಸ ಹೋಗೋದು ಅಲ್ಲೇ.