ಓದುಗರ ಪ್ರಶ್ನೆ, ನಮ್ಮ ಉತ್ತರ: ಸಾಯುವ ಭಯ, ಸಾಯದಿರುವ ಭಯ

ಪ್ರಶ್ನೆ: ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯುವ ನಮ್ಮ ಗುಂಪಿನಲ್ಲಿ ವಾರದಿಂದ ಒಂದೇ ವಾದ. ಸಾಯುವುದು ಹೆಚ್ಚು ಭಯವೋ, ಎಂದೆಂದಿಗೂ ಸಾಯದೆ ಇರುವುದೋ? ಪಂಚಾಯ್ತಿ ಮಾಡಿ. (ಸರಸ್ವತಿಪುರಂ, ಮೈಸೂರು)

ಉತ್ತರ: ಸಾಯದಿರುವುದೇ. ಆದರೆ ನಿಮ್ಮ ವಾದದಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ ಅನ್ನಿಸುತ್ತದೆ. ಮುಪ್ಪು ಬಾರದಿರುವುದು ಒಂದು. ಏನೇ ಆದರೂ ಪ್ರಾಣ ಹೋಗದಿರುವುದು ಇನ್ನೊಂದು.

ಮೊದಲನೆಯದಕ್ಕೆ ಲೆಕ್ಕವಿದೆ. ವಯಸ್ಸಾದಂತೆ ಸಾವಿನ ಸಂಭವ ಗುಣಾಕಾರದಲ್ಲಿ ಏರುತ್ತದೆಂದು ಬೆಂಜಮಿನ್ ಗಾಂಪರ್ಟ್ಜ್ ಎಂಬ ಗಣಿತಜ್ಞ 1825ರಲ್ಲೇ ತೋರಿಸಿದ. ಈಗಿನ ಅಂದಾಜಿನಲ್ಲಿ ಅದು ಸುಮಾರು 8 ವರ್ಷಕ್ಕೊಮ್ಮೆ ಇಮ್ಮಡಿ. 40ರಿಂದ 80ಕ್ಕೆ ಬರುವಷ್ಟರಲ್ಲಿ ಐದು ಸಲ ಇಮ್ಮಡಿಯಾಗಿ 32 ಪಟ್ಟಾಗುತ್ತದೆ. ಈ ಏರಿಕೆ ನಿಂತು, ವರ್ಷಕ್ಕೆ ಸಾವಿರದಲ್ಲಿ ಒಬ್ಬರು ಸಾಯುವ ಮಟ್ಟದಲ್ಲೇ ಉಳಿಯಿತೆಂದು ಇಟ್ಟುಕೊಳ್ಳಿ. ಆಗಲೂ 693 ವರ್ಷಕ್ಕೆ ಅರ್ಧ ಜನ ಹೋಗಿರುತ್ತಾರೆ, 4,600 ವರ್ಷಕ್ಕೆ ನೂರರಲ್ಲಿ ಒಬ್ಬರು ಉಳಿದಿರುತ್ತಾರೆ. ಲಾರಿಗೆ, ಹಾವಿಗೆ, ಜಾರುವ ಬಚ್ಚಲಿಗೆ ಮುಪ್ಪಿನ ಹಂಗಿಲ್ಲವಲ್ಲ. ಇದು ಅಮರತ್ವವಲ್ಲ, ಉದ್ದದ ಆಯಸ್ಸು ಅಷ್ಟೆ. ಇದಕ್ಕೆ ಹೆದರಬೇಕಾಗಿಲ್ಲ.

ಹೆದರಬೇಕಾದದ್ದು ಎರಡನೆಯದಕ್ಕೆ. ಯಯಾತಿ ಮಗ ಪೂರುವಿನಿಂದ ಯೌವನ ಪಡೆದು ಸಾವಿರ ವರ್ಷ ಅನುಭವಿಸಿ, ಸಾಕಾಗಿ, ಹಿಂದಿರುಗಿಸಿದ. ಅಶ್ವತ್ಥಾಮನಿಗೆ ಸಿಕ್ಕಿದ್ದು ಕೀವು ರಕ್ತ ನಾರುತ್ತ 3,000 ವರ್ಷ ಒಂಟಿಯಾಗಿ ಅಲೆಯುವ ಶಾಪ. ಯಯಾತಿಗೆ ಹಿಂದಿರುಗಿಸುವ ದಾರಿಯಿತ್ತು, ಇವನಿಗೆ ಇರಲಿಲ್ಲ. ಮಂಡ್ಯದ ಕಡೆ ಹಿರಿಯರು “ಕೈಕಾಲು ಗಟ್ಟಿ ಇರೋವಾಗ್ಲೇ ಹೊಂಟೋಗ್ಬೇಕು ಕಣಪ್ಪ” ಅನ್ನುವಾಗ ಅವರ ಅಂಜಿಕೆ ಸಾವಿನದಲ್ಲ, ಅಶ್ವತ್ಥಾಮನ ಪಾಡಿನದು. ಹೀಗೆ ಅಂಜಲು ಈಗ ಅಮರರಾಗಬೇಕಿಲ್ಲ, ಐಸಿಯುನಲ್ಲಿ ಎರಡು ತಿಂಗಳು ಸಾಕು. ಆ ಮಾತು ಮುಂದೆ ಶ್ರೀರಂಗಪಟ್ಟಣದ ಪತ್ರದಲ್ಲಿ ಬರುತ್ತದೆ.

ಪ್ರಶ್ನೆ: ಸಾವೇ ಇಲ್ಲದ ಜೆಲ್ಲಿ ಮೀನು ಇದೆಯಂತೆ, ನಿಜವೇ? ಹಾಗಿದ್ದರೆ ನಮಗೇಕೆ ಆಗದು? (ಪಿಯುಸಿ ವಿದ್ಯಾರ್ಥಿನಿ, ಮಂಡ್ಯ)

ಉತ್ತರ: ಅರ್ಧ ನಿಜ. ಅದರ ಹೆಸರು ಟುರಿಟಾಪ್ಸಿಸ್ ಡೋರ್ನಿಯೈ, ಅಗಲ ಹೆಚ್ಚೆಂದರೆ 4.5 ಮಿಲಿಮೀಟರ್. ಗಾಯವಾದರೆ, ಹೊಟ್ಟೆಗಿಲ್ಲದಿದ್ದರೆ ಅದು ಕುಗ್ಗಿ ತಳಕ್ಕೆ ಅಂಟಿಕೊಂಡು ತನ್ನ ಎಳೆಯ ಹಂತಕ್ಕೆ ಮರಳುತ್ತದೆ. ಚಂದ್ರಿಕೆಯ ಗೂಡು ಒಡೆದು ಬಂದ ರೇಷ್ಮೆ ಚಿಟ್ಟೆ ಮತ್ತೆ ಹುಳುವಾಗಿ ಹಿಪ್ಪುನೇರಳೆ ಎಲೆ ಮೇಯತೊಡಗಿದ ಹಾಗೆ. ಆದರೆ ದೊಡ್ಡ ಮೀನು ನುಂಗಿದರೆ ಅದರ ಕಥೆಯೂ ಮುಗಿಯಿತು.

ನಮ್ಮ ಮೈಯ ಸಾಮಾನ್ಯ ಕೋಶಗಳು ಪ್ರಯೋಗಾಲಯದಲ್ಲಿ 40ರಿಂದ 60 ಸಲ ಎರಡಾಗಿ ಒಡೆದು, ಆಮೇಲೆ ನಿಲ್ಲುತ್ತವೆ. 1961ರಲ್ಲಿ ಲೆನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಇದನ್ನು ತೋರಿಸಿದರು. ನಿಲ್ಲದ ಕೋಶಗಳೂ ಇವೆ: ಕ್ಯಾನ್ಸರ್ ಕೋಶಗಳು. ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಅವರ ಗರ್ಭಕೊರಳಿನ ಗೆಡ್ಡೆಯಿಂದ 1951ರಲ್ಲಿ ತೆಗೆದ ಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅವರು ಅದೇ ವರ್ಷ ತೀರಿಕೊಂಡರು. ಇನ್ನೊಂದು ಮಾತು: ಭ್ರೂಣದಲ್ಲಿ ನಿನ್ನ ಬೆರಳುಗಳ ನಡುವಿನ ಕೋಶಗಳು ಸತ್ತಿದ್ದರಿಂದಲೇ ಬೆರಳು ಬಿಡಿಬಿಡಿಯಾಗಿ, ನೀನು ಪೆನ್ನು ಹಿಡಿದು ನಮಗೆ ಪತ್ರ ಬರೆಯುವಂತಾಯಿತು.

ಪ್ರಶ್ನೆ: ನಮ್ಮ ತಂದೆಗೆ 78. “ಮೂಗಿಗೆ ಬಾಯಿಗೆ ಪೈಪು ಹಾಕಿ ತಿಂಗಳುಗಟ್ಟಲೆ ಮಲಗಿಸಬೇಡಿ” ಅನ್ನುತ್ತಾರೆ. ಬಾಯಿಮಾತು ಸಾಕೇ? (ಶ್ರೀರಂಗಪಟ್ಟಣ)

ಉತ್ತರ: ಸಾಲದು, ಬರೆಸಿಡಿ. ಚೇತರಿಕೆಯ ಆಸೆಯಿಲ್ಲದಾಗ ಇಂಥ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಒಪ್ಪಿತು. ಆಗಿನ ವಿಧಾನ ಯಾರಿಗೂ ನಿಭಾಯಿಸಲಾಗದಷ್ಟು ತೊಡಕಾಗಿತ್ತು, 2023ರ ಜನವರಿಯಲ್ಲಿ ಸಡಿಲಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದರ ಜಾರಿಗೆ ಸುತ್ತೋಲೆ ಹೊರಡಿಸಿತು. ಹೀಗೆ ಬರೆದಿಟ್ಟ ಕಾಗದವನ್ನು ಜನ ಲಿವಿಂಗ್ ವಿಲ್ ಅನ್ನುತ್ತಾರೆ. ಆ ಹೆಸರಿನಿಂದಲೇ ಮೊದಲ ತಪ್ಪು ಆಗುವುದು: ಆಸ್ತಿಯ ಉಯಿಲಿನೊಳಗೇ ಇದನ್ನೂ ಬರೆಸಿಬಿಡುತ್ತಾರೆ. ಉಯಿಲು ಬಿಚ್ಚುವುದು ತಿಥಿ ಆದ ಮೇಲೆ. ಈ ಕಾಗದ ಬೇಕಾಗುವುದು ಉಸಿರಿರುವಾಗ. ಬೇರೆಯಾಗಿಯೇ ಇರಲಿ.

ತಂದೆಯವರ ಬುದ್ಧಿ ಸ್ಥಿಮಿತದಲ್ಲಿರಬೇಕು, ಒತ್ತಾಯ ಇರಕೂಡದು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಸ್ಪಷ್ಟವಾಗಿ ಬರೆಯಬೇಕು. ತಾವು ಮಾತಾಡಲಾಗದಾಗ ಒಪ್ಪಿಗೆ ಕೊಡುವವರ ಹೆಸರು ಬೇಕು. ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನಂತರ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಆಸ್ತಿಯಲ್ಲಿ ಪಾಲಿರುವವರನ್ನು ಸಾಕ್ಷಿ ಮಾಡಬೇಡಿ. ಹೆಸರಿಸಿದವರಿಗೆ, ಮನೆ ಡಾಕ್ಟರಿಗೆ ಒಂದೊಂದು ಪ್ರತಿ. ಸ್ಥಳೀಯ ಸಂಸ್ಥೆಗೂ, ಅಂದರೆ ನಿಮಗೆ ಪುರಸಭೆಗೆ, ಒಂದು ಪ್ರತಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಬಹುದು.

“ವೆಂಟಿಲೇಟರ್ ಬೇಡ” ಎಂದು ಒಂದೇ ಸಾಲು ಗೀಚಬೇಡಿ. ಗದ್ದೆಯಲ್ಲಿ ನಾಗರಹಾವೋ ಕಟ್ಟುಹಾವೋ ಕಚ್ಚಿದರೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ವಿಷನಿವಾರಕ ಕೊಟ್ಟು ಕೆಲವು ದಿನ ವೆಂಟಿಲೇಟರಿನಲ್ಲಿಟ್ಟರೆ ಮನುಷ್ಯ ಎದ್ದು ಮನೆಗೆ ನಡೆಯುತ್ತಾನೆ. ಆಪರೇಷನ್ ಆದ ಮೇಲಿನ ವೆಂಟಿಲೇಟರೂ ಹಾಗೆಯೇ, ದಾಟುವ ತೆಪ್ಪ. ಆದ್ದರಿಂದ “ಚೇತರಿಕೆಯ ಆಸೆಯಿಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ” ಎಂಬ ಷರತ್ತು ಮೊದಲು ಬರಲಿ. ವೆಂಟಿಲೇಟರ್, ಎದೆ ಒತ್ತುವುದು, ಡಯಾಲಿಸಿಸ್, ಟ್ಯೂಬಿನ ಆಹಾರ: ಒಂದೊಂದಕ್ಕೂ ಬೇರೆ ಬೇರೆ ಸಾಲು. ನೋವು ಕಡಿಮೆ ಮಾಡುವ ಔಷಧ, ಬಾಯಿ ಒದ್ದೆ ಮಾಡುವುದು, ಮೈ ಒರೆಸುವುದು ನಿಲ್ಲಕೂಡದೆಂದೂ ಬರೆಸಿ.

ಕಾಗದ ತೋರಿಸಿದ ಕೂಡಲೇ ಯಂತ್ರ ಆರಿಸುವುದಿಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರ ಜೊತೆ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರ ಮಂಡಳಿ ನೋಡುತ್ತದೆ. ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೇ ಮಂಡಳಿ. ಒಂದೊಂದಕ್ಕೂ ಸಾಧ್ಯವಾದಷ್ಟು 48 ಗಂಟೆಯ ಗಡುವು. ಮ್ಯಾಜಿಸ್ಟ್ರೇಟರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಬೇರೆಯೇ ಮಾತು, ನಮ್ಮ ದೇಶದಲ್ಲಿ ಅದು ಅಪರಾಧ.

ಇಷ್ಟೆಲ್ಲ ಮಾಡಿಯೂ ಕೆಡುವುದು ಎರಡು ಕಡೆ. ಮೂಲ ಪ್ರತಿ ಬೀರುವಿನಲ್ಲಿ, ಬೀಗದ ಕೈ ತಂದೆಯವರ ಉಡಿದಾರದಲ್ಲಿ. ಇಲ್ಲವೇ ಬೆಂಗಳೂರಿನಿಂದ ಓಡಿಬಂದ ಮಗ “ಏನಾದ್ರೂ ಮಾಡಿ ಡಾಕ್ಟ್ರೇ” ಎಂದು ಕೈ ಹಿಡಿದುಕೊಳ್ಳುವುದು. ಬರೆಯುವ ದಿನವೇ ಮಕ್ಕಳೆಲ್ಲರನ್ನೂ ಕೂರಿಸಿ ಓದಿಹೇಳಿ, ಫೋಟೊ ತೆಗೆದು ಎಲ್ಲರ ಮೊಬೈಲಿಗೂ ಕಳಿಸಿ.

ಪ್ರಶ್ನೆ: ರಾತ್ರಿ ಮೂರಕ್ಕೆ ಎಚ್ಚರವಾಗಿ, ಸತ್ತೇ ಹೋಗುತ್ತೇನೆಂದು ಎದೆ ಡವಡವ. ವಯಸ್ಸು 34. (ಕುವೆಂಪುನಗರ, ಮೈಸೂರು)

ಉತ್ತರ: ಮೊದಲು ಒಂದು ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ಎದೆನೋವು ಕೈಗೋ ದವಡೆಗೋ ಹರಿದರೆ ಇದನ್ನು ಓದುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಪರೀಕ್ಷೆಗಳು ಸರಿಯಿದ್ದರೆ ಬಹುಶಃ ಪ್ಯಾನಿಕ್, ಅಂದರೆ ಏಕಾಏಕಿ ನುಗ್ಗಿಬರುವ ಭಯ. ಅದು ಹತ್ತು ನಿಮಿಷದಲ್ಲಿ ನೆತ್ತಿಗೇರಿ ತಾನಾಗಿ ಇಳಿಯುತ್ತದೆ. ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡಿ, ಐದು ನಿಮಿಷ. ಎದ್ದೆದ್ದು ಬಿಪಿ ನೋಡುವುದು, ನಾಡಿ ಹಿಡಿಯುವುದು, ಮೊಬೈಲಿನಲ್ಲಿ ರೋಗಲಕ್ಷಣ ಹುಡುಕುವುದು, ಸಾವಿನ ಮನೆಗೆ ಹೋಗದೆ ತಪ್ಪಿಸಿಕೊಳ್ಳುವುದು ಭಯಕ್ಕೆ ಗೊಬ್ಬರ. ಸಂಜೆ ಆರರ ಫಿಲ್ಟರ್ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ, ಅದನ್ನು ಮಧ್ಯಾಹ್ನಕ್ಕೇ ಮುಗಿಸಿ. ಎರಡು ವಾರದಲ್ಲಿ ಹತೋಟಿಗೆ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿ, ಕನ್ನಡದಲ್ಲೇ, ಉಚಿತ.

ಪ್ರಶ್ನೆ: ಸಾವಿಗೆ ಹೆದರಿಕೆಯಿಲ್ಲ, ಆಮೇಲೆ ಯಾರೂ ನೆನೆಯುವುದಿಲ್ಲವಲ್ಲ ಅನ್ನುವುದೇ ಸಂಕಟ. (ಮದ್ದೂರು)

ಉತ್ತರ: ನಿಮ್ಮ ತಾಲ್ಲೂಕಿನ ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ 949–50ರ ಸುಮಾರಿಗೆ ಕಲ್ಲು ನೆಟ್ಟು, ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೆ ಸಿಕ್ಕ ಅದೃಷ್ಟ ನಮಗೆಲ್ಲಿ! ಶ್ರಾದ್ಧದಲ್ಲಿ ಹೆಸರು ಹಿಡಿದು ಕರೆಯುವುದೂ ಮೂರು ತಲೆಮಾರಿನವರನ್ನೇ. ನಾಲ್ಕನೆಯವರಿಗೆ ಉಳಿಯುವುದು ಫೋಟೊ, ಅದೂ ಹೆಸರು ಬರೆದಿದ್ದರೆ. ಹಳೆಯ ಫೋಟೊಗಳ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಖದ ಮೇಲೆ ಗೆರೆ ಮೂಡುತ್ತದೆ. ಹೊಸ ನುಣುಪು ಕಾಗದಕ್ಕೆ ಪೆನ್ಸಿಲ್ ಹಿಡಿಯದು. ಅದಕ್ಕೆ ಲಕೋಟೆಯ ಮೇಲೆ ಮೊದಲು ಬರೆದು, ಆಮೇಲೆ ಫೋಟೊ ಒಳಗಿಡಿ.