ಕಾರ್ಡ್ ಹೆಸರು ಸರಿ, ಬೆರಳು ಎಲ್ಲಿದೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರದ ಹೈಸ್ಕೂಲಿನಲ್ಲಿ ಮೇಷ್ಟ್ರು. ಮಕ್ಕಳ ಭಾವಗೀತೆ ಸ್ಪರ್ಧೆಗೆ ಲ್ಯಾಪ್‌ಟಾಪಿನಲ್ಲೇ ಟ್ರ್ಯಾಕ್ ಮಾಡಿಕೊಡುತ್ತೇನೆ. ಕೀಬೋರ್ಡ್ ಸ್ವಲ್ಪ ಬರುತ್ತದೆ, ಗಿಟಾರ್ ಬರುವುದಿಲ್ಲ. ಹಾಗಾಗಿ ವರ್ಚುವಲ್ ಗಿಟಾರ್ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒತ್ತಿದರೆ ಸ್ವರ ಸರಿಯಾಗಿಯೇ ಬರುತ್ತದೆ, ಆದರೆ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಎತ್ತಿ ಕುಕ್ಕಿದ ಹಾಗೆ ಕೇಳುತ್ತದೆ. ಕೀಬೋರ್ಡಿನಲ್ಲಿ ಇನ್ವರ್ಶನ್, ಅಂದರೆ ಕಾರ್ಡಿನ ಯಾವ ಸ್ವರ ಕೆಳಗಿರಬೇಕು ಅನ್ನುವುದನ್ನು ಬದಲಿಸಿ ನೋಡಿದೆ, ಏನೂ ವ್ಯತ್ಯಾಸ ಇಲ್ಲ. ನಮಗೆ ಬೇಕಾದ ವಾಯ್ಸಿಂಗ್ ನಾವೇ ಹಾಕಿಕೊಳ್ಳಬಹುದಂತೆ, ಹೇಗೆ?

ಉತ್ತರ: ಮೇಷ್ಟ್ರೇ, ಇನ್ವರ್ಶನ್ ಬದಲಿಸಿದರೂ ವ್ಯತ್ಯಾಸ ಆಗಲಿಲ್ಲ ಅಂದ್ರಲ್ಲ, ಕಾರಣ ಅಲ್ಲೇ ಇದೆ. ಇಂಥ ಬಹಳಷ್ಟು ಸಾಫ್ಟ್‌ವೇರ್‌ಗಳು ಕಾರ್ಡ್ ಗುರುತು ಹಿಡಿಯುವ ಸ್ಥಿತಿಯಲ್ಲಿ ನೀವು ಒತ್ತಿದ ಸ್ವರಗಳನ್ನು ನುಡಿಸುವುದೇ ಇಲ್ಲ. ನೀವು ಸಿ, ಇ, ಜಿ ಒತ್ತುತ್ತೀರಿ. ಅದು 'ಓಹೋ, ಸಿ ಮೇಜರ್' ಅಂತ ಹೆಸರು ಮಾತ್ರ ಗುರುತು ಹಿಡಿದು, ತನ್ನ ಪಟ್ಟಿಯಲ್ಲಿ ಆ ಹೆಸರಿನ ಎದುರಿಗೆ ಯಾವ ಆಕಾರ ಇದೆಯೋ ಅದನ್ನು ನುಡಿಸುತ್ತದೆ. ನೀವು ಇ ಕೆಳಗಿಟ್ಟು ಒತ್ತಿದರೂ, ಜಿ ಕೆಳಗಿಟ್ಟು ಒತ್ತಿದರೂ ಹೆಸರು ಒಂದೇ, ಹಾಗಾಗಿ ಬರುವ ಆಕಾರವೂ ಒಂದೇ. ಹಾಜರಿ ಪುಸ್ತಕದಲ್ಲಿ ಹೆಸರು ನೋಡಿ ಟಿಕ್ ಹಾಕಿದ ಹಾಗೆ, ಮಗು ಯಾವ ಬೆಂಚಿನಲ್ಲಿ ಕೂತಿದೆ ಅಂತ ಅದಕ್ಕೆ ಬೇಡ.

ಈಗ ವಾಯ್ಸಿಂಗ್ ಅಂದರೇನು ನೋಡೋಣ. ಕೀಬೋರ್ಡಿನಲ್ಲಿ ಸಿ ಮೇಜರ್ ಅಂದರೆ ಮೂರು ಬೆರಳು, ಸ ಗ ಪ (ಕಾರ್ಡಿನ ಮೂಲ ಸ್ವರವನ್ನೇ ಸ ಅಂದುಕೊಂಡು), ಒತ್ತೊತ್ತಾಗಿ. ಗಿಟಾರಿನಲ್ಲಿ ಅದೇ ಸಿ ಐದು ತಂತಿಯ ಮೇಲೆ ಹರಡಿಕೊಳ್ಳುತ್ತದೆ: ಸ, ಗ, ಪ, ಮೇಲಿನ ಸ, ಮೇಲಿನ ಗ. ಜಿ ಕಾರ್ಡಿನ ಒಂದು ಆಕಾರದಲ್ಲಿ ಆರು ತಂತಿಯೂ ಇದೆ: ಸ ಗ ಪ ಸ ಪ ಸ. ಗಾಂಧಾರ ಒಂದೇ ಒಂದು ಸಲ, ಅದೂ ಕೆಳಗೆ. ಯಾವ ಸ್ವರ ಎಷ್ಟು ಸಲ, ಯಾವ ತಂತಿಯಲ್ಲಿ, ಯಾವ ಎತ್ತರದಲ್ಲಿ ಅನ್ನುವುದೇ ವಾಯ್ಸಿಂಗ್. ಆದ್ದರಿಂದ ಕಾರ್ಡಿನ ಹೆಸರು ಸ್ವಲ್ಪ ಹೊತ್ತು ಮರೆತು, ಆರು ಅಂಕಿಗಳಲ್ಲಿ ಯೋಚಿಸಿ. ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಫ್ರೆಟ್ (ಗಿಟಾರ್ ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಸಂಖ್ಯೆ ಬರೆಯುತ್ತಾ ಹೋಗುವುದು. 0 ಅಂದರೆ ಬೆರಳಿಲ್ಲದ ತೆರೆದ ತಂತಿ, × ಅಂದರೆ ಆ ತಂತಿ ನುಡಿಯಬಾರದು. ಮೇಲೆ ಹೇಳಿದ ಸಿ ಅಂದರೆ × 3 2 0 1 0.

ಸಾಫ್ಟ್‌ವೇರಿನಲ್ಲಿ ಮಾಡುವುದು ಕಷ್ಟವಿಲ್ಲ. ನಾನು ಬಳಸುವುದು ಆಂಪಲ್ ಗಿಟಾರ್. ಅದರಲ್ಲಿ ಸ್ಟ್ರಮ್ಮರ್ ಅಂತ ಒಂದು ಭಾಗ ಇದೆ, ಅಲ್ಲಿ ಎರಡು ದಾರಿ. ಡಿಟೆಕ್ಟ್ ಅಂದರೆ ಆ ಹಾಜರಿ ಪುಸ್ತಕದ ದಾರಿ. ಸೆಲೆಕ್ಟ್ ಅಂದರೆ ಒಂದೊಂದು ಕೀಗೆ ನೀವೇ ಒಂದೊಂದು ಆಕಾರ ಕಟ್ಟುವುದು. ನಿಮಗೆ ಬೇಕಾದ್ದು ಎರಡನೆಯದು. ಹತ್ತಿರದ ಒಂದು ಕಾರ್ಡ್ ಆರಿಸಿ, ಪರದೆಯ ಮೇಲಿನ ಗಿಟಾರ್ ಕುತ್ತಿಗೆಯ ಚಿತ್ರದಲ್ಲಿ ತಂತಿ ತಂತಿಗೆ ಕ್ಲಿಕ್ ಮಾಡಿ ಚುಕ್ಕಿಗಳನ್ನು ನಿಮ್ಮ ಆರು ಅಂಕಿಗೆ ಸರಿಯಾಗಿ ಕೂರಿಸಿ. ನಿಮ್ಮದು ಬೇರೆ ಸಾಫ್ಟ್‌ವೇರ್ ಆದರೆ ಗುಂಡಿಗಳ ಹೆಸರು ಬೇರೆ ಇರುತ್ತದೆ, ಆದರೆ ಕಾರ್ಡ್ ಎಡಿಟ್ ಮಾಡಲು ಬಿಡುವ ಸಾಫ್ಟ್‌ವೇರ್‌ನಲ್ಲಿ ಕೆಲಸ ಹೆಚ್ಚು ಕಡಿಮೆ ಇದೇ.

ಎತ್ತಿ ಕುಕ್ಕಿದ ಹಾಗೆ ಕೇಳುತ್ತದೆ ಅಂದ್ರಲ್ಲ, ಅದಕ್ಕೆ ಮದ್ದು ಈ ನಾಲ್ಕು ಸಾಲಿನಲ್ಲಿದೆ. ಹಾಡಿನ ಶ್ರುತಿ ಜಿ ಅಂತ ಇಟ್ಟುಕೊಳ್ಳಿ.

ಜಿ: 3 2 0 0 3 3
ಸಿ ಆಡ್ 9: × 3 2 0 3 3
ಇ ಮೈನರ್ 7: 0 2 2 0 3 3
ಡಿ ಸಸ್ 4: × × 0 2 3 3

ಪ್ರತಿ ಸಾಲಿನ ಕೊನೆಯ ಎರಡು ಅಂಕಿ ನೋಡಿ. ಎಲ್ಲದರಲ್ಲೂ 3 3. ಅಂದರೆ ಮೇಲಿನ ಎರಡು ತಂತಿಯಲ್ಲಿ ಡಿ ಮತ್ತು ಜಿ, ನಮ್ಮ ಲೆಕ್ಕದಲ್ಲಿ ಪ ಮತ್ತು ಸ, ಕದಲದೆ ನಿಂತಿರುತ್ತವೆ. ಕೆಳಗೆ ಮಾತ್ರ ಕಾರ್ಡ್ ಬದಲಾಗುತ್ತಾ ಹೋಗುತ್ತದೆ. ಹಿಂದೆ ಯಾರೋ ತಂಬೂರಿ ಹಿಡಿದು ಕೂತ ಹಾಗೆ ಇರುತ್ತದೆ, ಭಾವಗೀತೆಗೆ ಇದು ಹೇಳಿ ಮಾಡಿಸಿದ್ದು. ಗಿಟಾರ್ ನುಡಿಸುವವರು ಎರಡು ಬೆರಳನ್ನು ಅಲ್ಲೇ ಊರಿಕೊಂಡು ಉಳಿದವನ್ನು ಮಾತ್ರ ಸರಿಸುತ್ತಾರೆ. ಸಾಫ್ಟ್‌ವೇರಿನ ಪಟ್ಟಿಯಲ್ಲಿರುವ ಜಿ, ಸಿ, ಇ ಮೈನರ್, ಡಿ ಒಂದೊಂದೂ ತನ್ನ ಪಾಡಿಗೆ ಸರಿ, ಆದರೆ ಪಕ್ಕದ ಕಾರ್ಡ್ ಯಾವುದು ಅಂತ ಅವಕ್ಕೆ ಗೊತ್ತಿಲ್ಲ ಅಲ್ವಾ? ಅದಕ್ಕೇ ಆ ಕುಕ್ಕು. ಸಾಲು ಮುಗಿಯುವ ಹೊತ್ತಿಗೆ ಸ್ವಲ್ಪ ಬಿಗಿ ಬೇಕಾದರೆ ಡಿ ಸಸ್ 4ರ ಕೊನೆಯ 3ನ್ನು 2 ಮಾಡಿ ಇನ್ನೊಂದು ಕೀಗೆ ಕಟ್ಟಿಕೊಳ್ಳಿ. ಸ ಇಳಿದು ನಿ ಆಗುತ್ತದೆ, ಮುಂದಿನ ಜಿಗೆ ಅದು ತಾನಾಗಿಯೇ ಕರೆದುಕೊಂಡು ಹೋಗುತ್ತದೆ.

ಇನ್ನೊಂದು ಮಾತು. ಹಾಡಿನಲ್ಲಿ ಕೋಮಲ ಗಾಂಧಾರ ಇದ್ದರೆ ಜಿ ಮೇಜರಿನ ಗಾಂಧಾರ ಹಲ್ಲಿಗೆ ಕಲ್ಲು ಸಿಕ್ಕ ಹಾಗೆ ಆಗುತ್ತದೆ. ಐದನೇ ತಂತಿಯನ್ನು, ಅಂದರೆ ದಪ್ಪದ ಕಡೆಯಿಂದ ಎರಡನೆಯದನ್ನು, ಮುಚ್ಚಿಬಿಡಿ: 3 × 0 0 3 3. ಬರೀ ಸ ಮತ್ತು ಪ ಉಳಿಯುತ್ತವೆ. ಹಿಂದೋಳದಂಥ, ಪಂಚಮವೇ ಇಲ್ಲದ ರಾಗಕ್ಕೆ ಇದೂ ನಡೆಯುವುದಿಲ್ಲ. ಅಲ್ಲಿ 3 3 × 0 1 3 ಹಾಕಿ ನೋಡಿ, ಸ ಮ ಬಿಟ್ಟು ಬೇರೆ ಸ್ವರ ಇಲ್ಲ. ನಾಲ್ಕು ಬೆರಳು ಬೇಕು, ಆದರೆ ಕೈಗೆ ಸಿಗುತ್ತದೆ.

ಕೈಗೆ ಸಿಗುತ್ತದೆ ಅನ್ನುವುದನ್ನು ಸುಮ್ನೆ ಹೇಳಲಿಲ್ಲ. ಒಂದು ಸಲ ನಾನು 1ನೇ ಫ್ರೆಟ್ಟು, 8ನೇ ಫ್ರೆಟ್ಟು ಎರಡೂ ಒಂದೇ ಕಾರ್ಡಿನಲ್ಲಿ ಹಾಕಿ ಬಹಳ ಚೆನ್ನಾಗಿದೆ ಅಂದುಕೊಂಡು ದುರ್ಗಿಗುಡಿಯಲ್ಲಿರುವ ಗೆಳೆಯನಿಗೆ ಕೇಳಿಸಿದೆ, ಅವನು ಮೂವತ್ತು ವರ್ಷದಿಂದ ಗಿಟಾರ್ ನುಡಿಸುವವನು, ಕಣ್ಣು ಮುಚ್ಚಿ ಪೂರ್ತಿ ಕೇಳಿ, 'ಇದಕ್ಕೆ ಎಷ್ಟು ಕೈ ಮಾರಾಯ?' ಅಂದ. ಸಾಫ್ಟ್‌ವೇರ್ ಅಂಥದ್ದಕ್ಕೆಲ್ಲ ತಕರಾರು ಮಾಡುವುದಿಲ್ಲ, ಏನು ಕೊಟ್ಟರೂ ನುಡಿಸುತ್ತದೆ. ಕೇಳುವವರಿಗೆ ಕಾರಣ ಗೊತ್ತಾಗದಿದ್ದರೂ ಎಲ್ಲೋ ಸುಳ್ಳು ಅನ್ನಿಸುತ್ತದೆ. ಹಾಗಾಗಿ ತೆರೆದ ತಂತಿ ಬಿಟ್ಟು ಉಳಿದ ಅಂಕಿಗಳು ನಾಲ್ಕು ಫ್ರೆಟ್ಟಿನ ಒಳಗಿರಲಿ, ಬೆರಳು ನಾಲ್ಕೇ ಅನ್ನುವುದು ನೆನಪಿರಲಿ. ಎಫ್‌ನ 1 3 3 2 1 1 ಥರದ ಬ್ಯಾರೆ ಕಾರ್ಡಿನಲ್ಲಿ ತೋರು ಬೆರಳು ಅಡ್ಡಲಾಗಿ ಮಲಗಿ ಮೂರು ತಂತಿ ಒತ್ತುತ್ತದೆ, ಅದು ಒಂದೇ ಬೆರಳಿನ ಲೆಕ್ಕ.

ಮಿಡಿ ಎಡಿಟರಿನಲ್ಲಿ (ಕಂಪ್ಯೂಟರ್ ನುಡಿಸಬೇಕಾದ ಸ್ವರಗಳನ್ನು ಒಂದೊಂದಾಗಿ ಇಡುವ ಪರದೆ) ಕೈಯಿಂದ ಬರೆಯುವುದಾದರೆ ಆರೂ ಸ್ವರ ಒಂದೇ ಗೆರೆಯಲ್ಲಿ ಇಡಬೇಡಿ. ನಾನು ತಂತಿಯಿಂದ ತಂತಿಗೆ 10ರಿಂದ 20 ಮಿಲಿಸೆಕೆಂಡ್ ತಡ ಮಾಡುತ್ತೇನೆ. ಕೆಳಮುಖ ಹೊಡೆತಕ್ಕೆ ದಪ್ಪ ತಂತಿ ಮೊದಲು, ಮೇಲ್ಮುಖಕ್ಕೆ ತೆಳು ತಂತಿ ಮೊದಲು, ಅದೂ ಮೂರೋ ನಾಲ್ಕೋ ತಂತಿ ಸಾಕು.

ಕೊನೆಗೆ ಸೇವ್ ಮಾಡುವ ವಿಷಯ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಹನ್ನೆರಡು ಆಕಾರ ಕೂರಿಸಿ ಮುಗಿಸಿದ್ದೆ. ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷ ಆಗಿತ್ತು, ಅದು ನನ್ನದೇ ತಪ್ಪು. ಉಳಿದದ್ದು ಅಡಿಕೆ ಮಂಡಿಯ ಹಳೇ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟ ಅಂಕಿಗಳು ಮಾತ್ರ, ಅವುಗಳಿಂದ ಅರ್ಧ ಗಂಟೆಯಲ್ಲಿ ಎಲ್ಲಾ ವಾಪಸ್ ಕೂರಿಸಿದೆ. ಹಾಡಿನ ಪ್ರಾಜೆಕ್ಟ್ ಬೇರೆ, ಕಾರ್ಡ್‌ಗಳ ಪ್ರಿಸೆಟ್ ಬೇರೆ ಸೇವ್ ಮಾಡಿ. ಮುಂದಿನ ಹಾಡಿಗೂ ಅದೇ ಆಕಾರಗಳು ಬೇಕಾಗುತ್ತವೆ.

ಪ್ರಶ್ನೆ: ನಾನು ಸಾಗರದಲ್ಲಿ ಡಿಗ್ರಿ ಓದುತ್ತಿದ್ದೇನೆ. ಗಿಟಾರಿನ ಅತಿ ದಪ್ಪ ತಂತಿ ಇ2 ಅಂತ ಓದಿ ಎಡಿಟರಿನಲ್ಲಿ ಇ2 ಬರೆದೆ. ಒಂದು ಸಪ್ತಕ ಮೇಲೆ ಕೇಳುತ್ತಿದೆ. ಸಾಫ್ಟ್‌ವೇರ್ ಕೆಟ್ಟಿದೆಯಾ?

ಉತ್ತರ: ಇಲ್ಲಮ್ಮ, ಹೆಸರಿನ ಗಲಾಟೆ ಅಷ್ಟೆ. ಮಿಡಿಯಲ್ಲಿ ನಡುವಿನ ಸಿಗೆ ಸಂಖ್ಯೆ 60. ಅದನ್ನು ಕೆಲವು ಸಾಫ್ಟ್‌ವೇರ್ ಸಿ3 ಅನ್ನುತ್ತವೆ, ಕೆಲವು ಸಿ4 ಅನ್ನುತ್ತವೆ, ಎಫ್‌ಎಲ್ ಸ್ಟುಡಿಯೋ ಸಿ5 ಅನ್ನುತ್ತದೆ. ನಿಮ್ಮದು ಸಿ3 ಅನ್ನುವ ಜಾತಿ ಇರಬೇಕು, ಅಲ್ಲಿ ಇ1 ಬರೆದರೆ ಸರಿಹೋಗುತ್ತದೆ. ಹೆಸರು ನಂಬದೆ ಸಂಖ್ಯೆ ಹಿಡಿಯಿರಿ. ತೆರೆದ ತಂತಿಗಳು ದಪ್ಪದಿಂದ ತೆಳುವಿಗೆ 40, 45, 50, 55, 59, 64. ಒಂದು ಫ್ರೆಟ್ಟಿಗೆ ಒಂದು ಕೂಡಿಸಿ. ಮೇಲಿನ ಉತ್ತರದ ಜಿ 43, 47, 50, 55, 62, 67 ಆಗುತ್ತದೆ. 40ಕ್ಕಿಂತ ಕೆಳಗಿನ ಕೀಗಳು ಗಿಟಾರಿಗೆ ಬೇಡ, ಹಾಗಾಗಿ ಅಲ್ಲಿ ಸಾಮಾನ್ಯವಾಗಿ ಸ್ಲೈಡ್ (ಬೆರಳು ಜಾರಿಸುವುದು), ಪಾಮ್ ಮ್ಯೂಟ್ (ಅಂಗೈ ಊರಿ ದನಿ ತಗ್ಗಿಸುವುದು) ಇಂಥವನ್ನು ಕಟ್ಟಿರುತ್ತಾರೆ. ಅಪ್ಪಿತಪ್ಪಿ ಅಲ್ಲಿ ಸ್ವರ ಬರೆದರೆ ನುಡಿಯುವುದಿಲ್ಲ, ಉಳಿದ ಸ್ವರಗಳ ದನಿ ಇದ್ದಕ್ಕಿದ್ದ ಹಾಗೆ ಬದಲಾಗುತ್ತದೆ. ಗಾಬರಿ ಬೇಡ. ಇನ್ನೊಂದು, ಗಿಟಾರಿನ ಸ್ಟಾಫ್ ನೊಟೇಶನ್ನನ್ನು (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಕೇಳುವುದಕ್ಕಿಂತ ಒಂದು ಸಪ್ತಕ ಮೇಲೆ ಬರೆಯುವುದೇ ರೂಢಿ. ಪುಸ್ತಕ ನೋಡಿ ಬರೆಯುವಾಗ ಅದೂ ಲೆಕ್ಕಕ್ಕಿರಲಿ.

ಪ್ರಶ್ನೆ: ಹೊಸನಗರದಿಂದ ಬರೆಯುತ್ತಿದ್ದೇನೆ. ನಾನು ಹಾಡುವುದು ಕಪ್ಪು ನಾಲ್ಕರಲ್ಲಿ. ಟ್ರ್ಯಾಕ್ ಮಾಡುವ ಹುಡುಗ ಜಿ ಇಂದ ಒಂದು ಮನೆ ಮೇಲೆ ಎತ್ತಿದ, ಗಿಟಾರ್ ಕಳೆಯೇ ಹೋಯಿತು. ಯಾಕೆ?

ಉತ್ತರ: ಕಪ್ಪು ನಾಲ್ಕು ಅಂದರೆ ಜಿ ಶಾರ್ಪ್. ಅವನು ಕಾರ್ಡಿನ ಹೆಸರು ಎತ್ತಿರುತ್ತಾನೆ. ಜಿ ಶಾರ್ಪ್ ಅಂದ ತಕ್ಷಣ ಸಾಫ್ಟ್‌ವೇರ್ ಪಟ್ಟಿಯಿಂದ ಬ್ಯಾರೆ ಕಾರ್ಡ್ ತೆಗೆದಿರುತ್ತದೆ, ತೆರೆದ ತಂತಿಗಳ ಗುಂಯ್‌ಗುಡುವಿಕೆ ಹೋಯಿತು. ಗಿಟಾರ್ ನುಡಿಸುವವರಾದರೆ ಒಂದನೇ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಯನ್ನೂ ಒಂದೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿಕೊಂಡು ಜಿಯ ಆಕಾರವನ್ನೇ ನುಡಿಸುತ್ತಾರೆ. ಸಾಫ್ಟ್‌ವೇರಿನಲ್ಲಿ ಕೇಪೋ ಇದ್ದರೆ 1 ಮಾಡಿ ಅನ್ನಿ, ಆಕಾರ ಮುಟ್ಟುವುದು ಬೇಡ. ಇಲ್ಲದಿದ್ದರೆ ಟ್ರ್ಯಾಕನ್ನು ಜಿಯಲ್ಲೇ ಮಾಡಿ, ಗಿಟಾರಿನ ಟ್ಯೂನಿಂಗ್ ಅರ್ಧ ಸ್ವರ ಮೇಲೆತ್ತಲಿ. ಕಪ್ಪು ಐದಕ್ಕೆ ಹಾಡುವವರು ಬಂದರೆ ಕೇಪೋ 3, ಆಕಾರ ಅದೇ.

ಪ್ರಶ್ನೆ: ಆಗುಂಬೆ ಕಡೆಯವನು. ಮರದ ಗಿಟಾರ್ ಒಂದಿದೆ. ಮಳೆ ಹಿಡಿದರೆ ತಂತಿ ಮೇಲೆದ್ದು ಒತ್ತಲಿಕ್ಕೇ ಆಗುವುದಿಲ್ಲ. ಮಾರಿಬಿಟ್ಟು ಸಾಫ್ಟ್‌ವೇರ್ ಒಂದರಲ್ಲೇ ಇರಲಾ?

ಉತ್ತರ: ಮಾರಬೇಡಿ. ಮರ ತೇವ ಹೀರಿ ಮೇಲಿನ ಹಲಗೆ ಉಬ್ಬುತ್ತದೆ, ಅದರ ಜತೆ ತಂತಿಯೂ ಏಳುತ್ತದೆ. ಗಿಟಾರಿಗೆ ಹಿತವಾದದ್ದು ಶೇಕಡಾ 45ರಿಂದ 55 ತೇವಾಂಶ. ಆಗುಂಬೆಯ ಜುಲೈಯಲ್ಲಿ ಅದನ್ನು ಕೇಳುವುದೂ ತಮಾಷೆಯೇ. ಗಟ್ಟಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ, ಪೊಟ್ಟಣ ಆಗಾಗ ಬದಲಿಸಿ. ಬೆಚ್ಚಗಿರಲಿ ಅಂತ ಬಚ್ಚಲೊಲೆ ಹತ್ತಿರ ಮಾತ್ರ ಇಡಬೇಡಿ, ಅಂಟು ಬಿಡುತ್ತದೆ. ಮಳೆಗಾಲ ಪೂರ್ತಿ ನುಡಿಸದಿದ್ದರೂ ಪರವಾಗಿಲ್ಲ. ಸಾಫ್ಟ್‌ವೇರಿನಲ್ಲಿ ಹೊಸ ಆಕಾರ ಹಾಕಿದಾಗೆಲ್ಲ ಒಮ್ಮೆ ಹೊರಗೆ ತೆಗೆದು ಬೆರಳು ಅಲ್ಲಿಗೆ ಮುಟ್ಟುತ್ತದಾ ಅಂತ ನೋಡಲಿಕ್ಕಾದರೂ ಬೇಕಲ್ಲ.