ಕ್ಯಾಲಿಫೋರ್ನಿಯಾದಲ್ಲಿ ರೈಫಲ್: ಓದುಗರ ಪ್ರಶ್ನೆ

ಪ್ರಶ್ನೆ: ಸ್ಯಾನ್ ಹೋಸೆಯಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಸೆಮಿ-ಆಟೊಮ್ಯಾಟಿಕ್ ರೈಫಲ್ ಕೊಳ್ಳಬಹುದೇ?

ಉತ್ತರ: ವಯಸ್ಸು 21 ತುಂಬಿದ್ದರೆ ಸೆಮಿ-ಆಟೊಮ್ಯಾಟಿಕ್ (ಟ್ರಿಗರ್ ಒತ್ತಿದಾಗಲೆಲ್ಲ ಒಂದು ಗುಂಡು ಹಾರಿಸಿ, ಮುಂದಿನದನ್ನು ತಾನೇ ತುಂಬಿಕೊಳ್ಳುವ) ರೈಫಲ್ ಕೊಳ್ಳಬಹುದು. (ಎಚ್-1ಬಿಯವರಿಗೆ ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದಿದ್ದರೆ ಫೆಡರಲ್ ಕಾನೂನೇ ಬಿಡದು.) ಮೊದಲು ಸುರಕ್ಷತಾ ಪರೀಕ್ಷೆ: 30 ಪ್ರಶ್ನೆಗಳಲ್ಲಿ 23 ಸರಿಯಾಗಬೇಕು. ಪ್ರಮಾಣಪತ್ರ 5 ವರ್ಷ ನಡೆಯುತ್ತದೆ.

ಎಡವುವುದು ರೈಫಲ್ ಆಯ್ಕೆಯಲ್ಲಿ. ಮ್ಯಾಗಝೀನ್ (ಗುಂಡು ತುಂಬುವ ಡಬ್ಬಿ) ಕಳಚಿ ಹಾಕುವಂಥ ಸೆಂಟರ್‌ಫೈರ್ (ಗುಂಡಿನ ತಳದ ನಡುವೆ ಕಿಡಿಮದ್ದು ಇರುವ) ರೈಫಲ್‌ಗೆ ಪಿಸ್ತೂಲ್ ಹಿಡಿ, ಮಡಚುವ ಬಟ್, ಫ್ಲ್ಯಾಶ್ ಸಪ್ರೆಸರ್ (ನಳಿಗೆಯ ತುದಿಯ ಬೆಂಕಿ ಮಿಂಚು ತಗ್ಗಿಸುವ ಭಾಗ), ಇವುಗಳಲ್ಲಿ ಒಂದಿದ್ದರೂ ಅದು ರಾಜ್ಯದಲ್ಲಿ ನಿಷೇಧಿತ ‘ಅಸಾಲ್ಟ್ ವೆಪನ್’. ಅಂಗಡಿಯಲ್ಲಿ ಸರಿಯಿದ್ದುದಕ್ಕೆ ಮನೆಯಲ್ಲಿ ಅಂಥ ಬಿಡಿಭಾಗ ಜೋಡಿಸಿದರೂ ಅಪರಾಧವೇ. ಮ್ಯಾಗಝೀನ್‌ಗೆ 10 ಗುಂಡುಗಳ ಮಿತಿ. ಮರದ ಬಟ್‌ನ ರೂಗರ್ ಮಿನಿ-14 ರ‍್ಯಾಂಚ್ ನೋಡಿ, ತಲೆನೋವು ಕಡಿಮೆ.

ಗುರುತಿನ ಚೀಟಿಯಲ್ಲಿ ಈಗಿನ ಮನೆ ವಿಳಾಸವೇ ಇರಲಿ. ಡೀಲರ್ ಅರ್ಜಿ ಕಳಿಸಿದ ಮೇಲೆ 10 ದಿನ ಕಾಯಬೇಕು. ಅರ್ಜಿ ಕಳಿಸಿದ 30 ದಿನದೊಳಗೆ ರೈಫಲ್ ಒಯ್ಯದಿದ್ದರೆ ಮತ್ತೆ ಅರ್ಜಿ, ಮತ್ತೆ ಶುಲ್ಕ.